ಮಡಿವಾಳ ಹಕ್ಕಿಯ ಕಪ್ಪು ಕಪ್ಪಲ್ಲ

ಏಪ್ರಿಲ್ ತಿಂಗಳು, ಬೆಳಗಿನ ಐದೂಮುಕ್ಕಾಲು. ನಮ್ಮ ಹಿತ್ತಲಿನ ನುಗ್ಗೆಮರದ ತುದಿಯಲ್ಲಿ ಗಂಡು ಮಡಿವಾಳ ಹಕ್ಕಿ ಆಗಲೇ ಹಾಡು ಶುರುಮಾಡಿರುತ್ತದೆ. ತಲೆ, ಎದೆ, ಬೆನ್ನು ಕಪ್ಪು. ಹೊಟ್ಟೆ, ರೆಕ್ಕೆಯ ಪಟ್ಟೆ, ಬಾಲದ ಅಂಚು ಬಿಳಿ. ದಿನಾ ಕಣ್ಣಿಗೆ ಬೀಳುವ ಗೇಣುದ್ದದ ಹಕ್ಕಿ, ಫೋಟೊ ತೆಗೆಯುವುದೇನು ಮಹಾ ಅನಿಸುತ್ತದೆ. ಹತ್ತು ಗಂಟೆಯ ಬಿಸಿಲಲ್ಲಿ ತೆಗೆದು ನೋಡಿ. ಬಿಳಿಯೆಲ್ಲ ಸುಣ್ಣದ ಗೋಡೆ, ಕಪ್ಪೆಲ್ಲ ಮಸಿಮುದ್ದೆ. ಕಪ್ಪು ತಲೆಯೊಳಗೆ ಕಪ್ಪು ಕಣ್ಣು ಎಲ್ಲಿದೆಯೆಂದು ಹುಡುಕಬೇಕು.

ಕ್ಯಾಮೆರಾದ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್ಲೂ ಬೆಳಕು ಹಿಡಿಯುವ ಪುಟ್ಟ ಪಾತ್ರೆ. ಬಿಳಿ ಗರಿಯಿಂದ ಬಂದ ಬೆಳಕು ಅದರಲ್ಲಿ ತುಂಬಿ ತುಳುಕಿದರೆ ಗರಿಯ ಎಳೆಗಳು ಅಳಿಸಿಹೋಗುತ್ತವೆ. ಅದನ್ನು ಉಳಿಸಲು ಬೆಳಕು ತಗ್ಗಿಸಿದರೆ ಕಪ್ಪಿನ ಪಾಲಿಗೆ ಏನೂ ಸಿಗುವುದಿಲ್ಲ.

ತಪ್ಪು ಹಕ್ಕಿಯದಲ್ಲ, ಬೆಳಕು ಬರುವ ದಾರಿಯದು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ಕೈ ಚಾಚಿ ಕಿರುಬೆರಳು ಎತ್ತಿದರೆ ಅದರ ಅರ್ಧದಲ್ಲೇ ಮುಚ್ಚಿಹೋಗುತ್ತಾನೆ. ಅಷ್ಟು ಸಣ್ಣ ದೀಪದಿಂದ ಬೀಳುವ ನೆರಳಿಗೆ ಕತ್ತರಿಸಿದಂಥ ಅಂಚು. ಮೋಡ ಕವಿದಾಗ ಹಾಗಲ್ಲ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟಿರುವ ನೀರಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಮ್ಮಿ ಸಮನಾಗಿ ಚದುರಿಸುತ್ತವೆ. ಇಡೀ ಆಕಾಶವೇ ದೀಪವಾಗುತ್ತದೆ. ಸೂರ್ಯ ಮೂಡುವ ಮೊದಲಿನ ಹೊತ್ತೂ ಹಾಗೆಯೇ.

ಆ ಬೆಳಕಲ್ಲಿ ಹಕ್ಕಿಯ ಬೆನ್ನು ನೋಡಬೇಕು. ಕಪ್ಪೆಂದುಕೊಂಡಿದ್ದ ಗರಿಗಳ ಮೇಲೆ ಕಡುನೀಲಿ ಹೊಳಪು ಹರಿದಾಡುತ್ತದೆ. ಅದು ಬಳಿದ ಬಣ್ಣವಲ್ಲ. ಗರಿಯ ಅತಿಸೂಕ್ಷ್ಮ ಎಳೆಗಳಲ್ಲಿ ಕಪ್ಪು ಮೆಲನಿನ್ ಕಣಗಳ ಮೇಲೆ ಕೆರಾಟಿನ್‌ನ ತೆಳುಪದರವಿದೆ, ನಮ್ಮ ಉಗುರಿನ ಕೆರಾಟಿನ್ನಿಗಿಂತ ಬೇರೆ ಬಗೆಯದು. ನೀರಿನ ಮೇಲಿನ ಎಣ್ಣೆಪದರದಂತೆ ಅದು ಬೆಳಕನ್ನು ಬಣ್ಣವಾಗಿಸಿ ಹಿಂದಿರುಗಿಸುತ್ತದೆ. ಹೊಳಪೆಂದರೆ ಕನ್ನಡಿಯಂಥ ಪ್ರತಿಫಲನ, ದೀಪ ಎಲ್ಲಿದೆಯೋ ಅದಕ್ಕೆ ತಕ್ಕ ಒಂದು ಕೋನದಲ್ಲಷ್ಟೇ ಕಾಣುತ್ತದೆ. ಬಿಸಿಲಲ್ಲಿ ಅದೊಂದು ಬಿಳಿಚುಕ್ಕೆ. ಆಕಾಶವೆಲ್ಲ ದೀಪವಾದಾಗ ಬೆನ್ನುದ್ದಕ್ಕೂ ನೀಲಿ. ಅದನ್ನು ಮೊದಲ ಸಲ ಕಂಡ ದಿನ ನಾನು ಬಟನ್ ಒತ್ತುವುದನ್ನೇ ಮರೆತಿದ್ದೆ.

ಈ ಮೆತ್ತನೆಯ ಬೆಳಕಿಗೆ ಬೆಲೆ ತೆರಬೇಕು. ದಟ್ಟ ಮೋಡದ ಬೆಳಕು ನಿಚ್ಚಳ ಬಿಸಿಲಿನ ಎಂಟನೆಯ ಒಂದು ಪಾಲು, ಮರದಡಿಯಲ್ಲಿ ಇನ್ನೂ ಕಡಿಮೆ. ಬೆಳಕು ಫೋಟಾನ್‌ಗಳ ಹನಿಮಳೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬಿದ್ದರೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ನಸುಕಿನ ಚಿತ್ರಗಳಲ್ಲಿ ರವೆ ಚೆಲ್ಲಿದಂತೆ ಕಾಣುವುದು ಬಹುಮಟ್ಟಿಗೆ ಇದೇ. ಹಾಗೆಂದು ಫ್ಲ್ಯಾಶ್ ಹಾಕಿದರೆ ಬೇಡವೆಂದ ಆ ಸಣ್ಣ ದೀಪವೇ ಮರಳಿ ಬಂದಂತೆ.

ಅದೃಷ್ಟಕ್ಕೆ, ಹಾಡುವ ಹಕ್ಕಿ ಕೂತಲ್ಲಿಂದ ಬೇಗ ಕದಲುವುದಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಅಂಗದಿಂದ ಸ್ವರ ಹೊರಡುವಾಗ ಗಂಟಲ ಗರಿಗಳು ನಡುಗುತ್ತವೆ, ಕೊಕ್ಕು ತೆರೆದು ಮುಚ್ಚುತ್ತದೆ. ಸೆಕೆಂಡಿನ 500ನೆಯ ಒಂದು ಭಾಗದಷ್ಟು ಶಟರ್ ಇಟ್ಟರೆ ಸಾಮಾನ್ಯವಾಗಿ ಸಾಕು. ಎರಡು ಚರಣಗಳ ನಡುವೆ ಅದು ತಲೆ ವಾರೆ ಮಾಡಿ ಆಲಿಸುತ್ತದಲ್ಲ, ಆಗ ಇನ್ನೂ ನಿಧಾನಿಸಬಹುದು. ಆದರೆ ಮರದ ತುದಿಯಲ್ಲಿ ಬಿಳಿ ಆಕಾಶದೆದುರು ಕೂತ ಹಕ್ಕಿ ಬರೀ ನೆರಳಾಗಿ ಬರುತ್ತದೆ. ಅದು ಕಾಂಪೌಂಡಿನ ಮೇಲಿಳಿದು ಹಿಂದೆ ಹಸಿರು ಬರುವ ತನಕ ಕಾಯುತ್ತೇನೆ. ಮೊಬೈಲಿನಲ್ಲಿ ಅದರದೇ ಹಾಡು ನುಡಿಸಿ ಕರೆಯುವವರಿದ್ದಾರೆ. ದಯವಿಟ್ಟು ಬೇಡ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತೆಂದು ಅದು ಜಗಳಕ್ಕೆ ಓಡಿಬರುತ್ತದೆ. ಪೊಟರೆಯಲ್ಲಿ ಮರಿಗಳಿಗೆ ಹುಳ ತರಬೇಕಾದ ಹೊತ್ತು ಇಲ್ಲದ ಎದುರಾಳಿಯನ್ನು ಹುಡುಕುವುದರಲ್ಲಿ ಕಳೆದುಹೋಗುತ್ತದೆ.

ಆರೂವರೆ ದಾಟುತ್ತಿದ್ದಂತೆ ತೆಂಗಿನ ಗರಿಗಳ ಸಂದಿಯಿಂದ ಬಿಸಿಲು ಬಂದು ಕಾಂಪೌಂಡಿಗೆ ಬೀಳುತ್ತದೆ, ಹಕ್ಕಿಯ ಎದೆಯ ಮೇಲೆ ಕೊಕ್ಕಿನ ನೆರಳು ಮೂಡುತ್ತದೆ. ನಾನು ಲೆನ್ಸಿಗೆ ಮುಚ್ಚಳ ಹಾಕುತ್ತೇನೆ. ಅದು ಬಾಲ ನಿಗುರಿಸಿ, ಗೊಬ್ಬರಗುಂಡಿಯ ಅಂಚಿಗೆ ಹಾರಿ, ಹುಳ ಹೆಕ್ಕಲು ತೊಡಗುತ್ತದೆ.