ಗೇರಿನ ಗೆಲ್ಲು ನೋಡಿ ಮರ ಉಳಿಸಿ

ಕಡಬ, ಸುಳ್ಯ ಕಡೆ ಗುಡ್ಡೆಯ ಗೇರು ಕಡಿದು ರಬ್ಬರ್ ಇಟ್ಟವರು ಬಹಳ. ನನ್ನ ಎರಡೆಕ್ರೆ ಮುರಕಲ್ಲಿನ ಜಾಗದಲ್ಲಿ ಈಗಲೂ ಗೇರೇ. ನೀರಿಲ್ಲ, ವರ್ಷದ ಖರ್ಚು ಅದರಿಂದಲೇ ಹುಟ್ಟಬೇಕು. ಹಾಗೆಂದು ಎಲ್ಲ ಮರ ಇಟ್ಟುಕೊಳ್ಳುವುದಿಲ್ಲ. ಗೆಲ್ಲಿನ ತುದಿ ನೋಡಿ ತೀರ್ಮಾನ.

ಮಳೆ ಬಿಟ್ಟ ಮೇಲೆ ಚಿಗುರುತ್ತದಲ್ಲ, ಆಗ ನೋಡಿ. ಕೆಲವು ಮರದಲ್ಲಿ ಚಿಗುರು ಗೇಣುದ್ದ ಬೆಳೆದು ತುದಿಯಲ್ಲೇ ಹೂ ಬಿಡುತ್ತದೆ. ಅದರ ಕೆಳಗೆ ನಾಲ್ಕೈದು ಅಡ್ಡ ಚಿಗುರು, ಅವುಗಳಲ್ಲೂ ಕೆಲವಕ್ಕೆ ಹೂ. ಮರ ಕೊಡೆಯ ಹಾಗೆ ಒತ್ತಾಗುತ್ತದೆ. ಇನ್ನು ಕೆಲವದರಲ್ಲಿ ಚಿಗುರು ಅಷ್ಟೇ ಬೆಳೆದು ಸುಮ್ಮನೆ ನಿಲ್ಲುತ್ತದೆ. ತುದಿಯಿಂದ ಎರಡು ಮೂರು ಇಂಚು ಕೆಳಗೆ ಮತ್ತೊಂದು ಹೊರಟು ಮುಂದಕ್ಕೆ ಹೋಗುತ್ತದೆ. ಹೀಗೇ ಎರಡು ಮೂರು ವರ್ಷ ಹೂವಿಲ್ಲದೆ ಹೋಗುವುದೂ ಉಂಟು. ಮರ ಹರಡುತ್ತದೆ, ನೆರಳುಂಟು, ಬೀಜ ಇಲ್ಲ.

ಎಲೆಗೂ ಕೋಲಿಗೂ ಒಂದು ಲೆಕ್ಕ ಉಂಟು. ದಪ್ಪ ಗೆಲ್ಲಿಗೆ ದೊಡ್ಡ ಎಲೆ. ಕವಲೊಡೆದಷ್ಟೂ ಗೆಲ್ಲು ಸಪೂರ, ಎಲೆ ಸಣ್ಣದು. ಕಾರ್ನರ್ ಎಂಬ ಸಸ್ಯವಿಜ್ಞಾನಿ ಇದನ್ನು 1949ರಲ್ಲೇ ಬರೆದಿದ್ದಾರಂತೆ. ದೊಡ್ಡ ಎಲೆ ಹೊರಲು, ಅದಕ್ಕೆ ನೀರು ಮುಟ್ಟಿಸಲು ದಪ್ಪ ಕೋಲೇ ಬೇಕಲ್ಲ! ಆದ್ದರಿಂದ ಎಲೆ ನೋಡಿ ‘ಮರ ಜೋರುಂಟು ಮಾರಾಯ್ರೆ’ ಎಂದರೆ ನನಗೆ ನಗು. ಬುಡದಿಂದ ನೆಟ್ಟಗೆ ಏಳುವ ಚಿಗುರಿನ ಎಲೆಯೂ ದೊಡ್ಡದೇ, ಅದನ್ನು ಸವರುವುದೇ ಸರಿ.

ಹೊಸತು ಇಡುವವರು ಕಸಿಗಿಡವನ್ನೇ ಇಡಿ. ಬೀಜದ ಗಿಡ ಯಾವ ನಮೂನೆ ಗೆಲ್ಲು ಬಿಡುತ್ತದೋ ಹೇಳಲಾಗದು. 1986ರಲ್ಲಿ ಶುರುವಾದ ಗೇರು ಸಂಶೋಧನಾ ಕೇಂದ್ರ ಪುತ್ತೂರಿನ ಮೊಟ್ಟೆತ್ತಡ್ಕದಲ್ಲೇ ಇದೆ, ವಿಚಾರಿಸಬಹುದು. ಮೊದಲೆರಡು ವರ್ಷ ಹೂ ಚಿವುಟಿ, ಕಸಿಯ ಕೆಳಗಿನ ಚಿಗುರು ತೆಗೆಯಿರಿ.

ನನ್ನಲ್ಲಿ ಆರು ಮರಕ್ಕೆ ಸುಣ್ಣದ ಗುರುತು ಬಿದ್ದಿದೆ. ಮಳೆಗೆ ಮೊದಲು ಕಡಿದು ಕಸಿಗಿಡಕ್ಕೆ ಗುಂಡಿ ತೆಗೆಯಬೇಕು.