ಹಂಗಾಮಿಗೆ ಮುನ್ನ ಹಳೆಯ ಪಿಕಪ್ಪಿನ ಡೀಸೆಲ್ ಟ್ಯಾಂಕ್ ನೋಡಿರಿ



ಕಬ್ಬು ಹೇರಿದ ಹಳೆಯ ಪಿಕಪ್ ಏರಿನಲ್ಲಿ ಎಳೆಯದೆ ನಿಂತರೆ ಮೊದಲು ಎಂಜಿನನ್ನು ದೂರುತ್ತೇವೆ. ಬಹಳ ಸಲ ದೋಷ ಟ್ಯಾಂಕಿನಲ್ಲಿರುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ಗಾಡಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ. ತಳ ಸೇರಿ ತಗಡಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿನ ಪುಡಿ ಫಿಲ್ಟರ್ ಕಟ್ಟುತ್ತದೆ. ಅದನ್ನು ದಾಟಿ ಹೋದರೆ ಪಂಪು, ನಾಜಲ್‌ಗಳು ಸವೆಯುತ್ತವೆ.

ಆದ್ದರಿಂದ ಈಗಲೇ ಟ್ಯಾಂಕ್ ಇಳಿಸಿ, ತಳದ ನೀರು, ಕೆಸರು ತೆಗೆದು, ಶುದ್ಧ ಡೀಸೆಲ್‌ನಿಂದ ತೊಳೆಯಿರಿ. ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲಾದ ಕ್ಲಿಪ್ಪು, ಹಳೆಯ ಫಿಲ್ಟರ್ ಬದಲಿಸಿರಿ. ಪೈಪು ಗಾಳಿ ಎಳೆದರೂ ಎಂಜಿನ್ ನಿಲ್ಲುತ್ತದೆ. ಜೋಡಿಸಿದ ಮೇಲೆ ಗಾಳಿ ತೆಗೆಯಲು ಮರೆಯಬೇಡಿರಿ.

ಒಂದು ಎಚ್ಚರಿಕೆ: ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿರಿ. ಖಾಲಿ ಟ್ಯಾಂಕಿನಲ್ಲಿಯೂ ಡೀಸೆಲ್ ಆವಿ ಉಳಿದಿರುತ್ತದೆ. ಬಿಸಿಗೆ ಸಿಡಿದರೆ ಜೀವವೇ ಹೋದೀತು. ತಳವನ್ನು ತುಕ್ಕು ತಿಂದಿದ್ದರೆ ಬೇರೆ ಟ್ಯಾಂಕ್ ಹಾಕಿಸಿರಿ.

ಮುಂದೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡುವುದೇ ಸುಲಭ ಉಪಾಯ. ಕಡಿದ ಕಬ್ಬು ಹಾದಿಯಲ್ಲಿ ನಿಂತಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆ ನಷ್ಟ ನಿಮ್ಮದೂ ಹೌದು, ಕಾರಖಾನೆಯದೂ ಹೌದು.

– ಕಬ್ಬು ಅಭಿವೃದ್ಧಿ ಅಧಿಕಾರಿ