ಬೀದಿಯೇ ಪಾಠಶಾಲೆ: ಗ್ಲೆನ್ ಹ್ಯಾನ್ಸರ್ಡ್ ಅವರ ಸಂಗೀತಯಾನ

ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ 1970ರಲ್ಲಿ ಜನಿಸಿದ ಗ್ಲೆನ್ ಹ್ಯಾನ್ಸರ್ಡ್, ತಾವೇ ಗೀತೆ ರಚಿಸಿ, ಸ್ವರ ಸಂಯೋಜಿಸಿ ಹಾಡುವ ಕಲಾವಿದರ ಪರಂಪರೆಗೆ ಸೇರಿದವರು. ನಗರದ ಉತ್ತರ ಭಾಗದ ಬ್ಯಾಲಿಮನ್ ಬಡಾವಣೆಯಲ್ಲಿ ಬೆಳೆದ ಅವರು 13ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು, ಹೆಸರಾಂತ ಅಂಗಡಿ ಬೀದಿಯಾದ ಗ್ರಾಫ್ಟನ್ ಸ್ಟ್ರೀಟಿನಲ್ಲಿ ಬಸ್ಕಿಂಗ್‌ಗೆ, ಅಂದರೆ ದಾರಿಹೋಕರು ಕೊಡುವ ಚಿಲ್ಲರೆ ಕಾಸನ್ನು ನಂಬಿ ಹಾಡುವ ಕಾಯಕಕ್ಕೆ, ಇಳಿದರು.

ಟಿಕೆಟ್ ಕೊಂಡು ಕುಳಿತ ಸಭಿಕರಿಗಿರುವ ತಾಳ್ಮೆ ದಾರಿಹೋಕರಿಗೆ ಇರುವುದಿಲ್ಲವಾದ್ದರಿಂದ ಬೀದಿ ಗಾಯಕರು ಕೆಲವೇ ಕ್ಷಣಗಳಲ್ಲಿ ಕೇಳುಗರನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ; ಹ್ಯಾನ್ಸರ್ಡ್ ಅವರ ಏರುದನಿಗೂ ಬಿರುಸಾದ ಮೀಟಿಗೂ ಈ ಅಗತ್ಯವೇ ಮೂಲವೆನ್ನಬಹುದು. ಅವರ ಹಳೆಯ ಟಾಕಮೀನೆ ಗಿಟಾರಿನ ಮೇಲ್ಹಲಗೆ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಸವೆದು, ತೂತುಬಿದ್ದಿದೆ.

1990ರಲ್ಲಿ ಅವರು ಕಟ್ಟಿದ 'ದ ಫ್ರೇಮ್ಸ್' ತಂಡ ಐರ್ಲೆಂಡಿನಲ್ಲಿ ನಿಷ್ಠಾವಂತ ಕೇಳುಗರನ್ನು ಗಳಿಸಿತಾದರೂ, ಹೊರಜಗತ್ತು ಅವರನ್ನು ಗುರುತಿಸಿದ್ದು 2007ರಲ್ಲಿ ಬಿಡುಗಡೆಯಾದ 'ಒನ್ಸ್' ಚಿತ್ರದಿಂದ. ಒಂದು ಕಾಲದಲ್ಲಿ ಇದೇ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಕಾರ್ನಿ ನಿರ್ದೇಶಿಸಿದ ಈ ಚಿತ್ರ ಸುಮಾರು ಎರಡೂವರೆ ವಾರಗಳಲ್ಲಿ, ತೀರಾ ಕಡಿಮೆ ವೆಚ್ಚದಲ್ಲಿ ಸಿದ್ಧವಾಯಿತು. ಬೀದಿಯ ದೃಶ್ಯಗಳನ್ನು ದೂರದಿಂದ ಚಿತ್ರೀಕರಿಸಿದ್ದರಿಂದ ಅಲ್ಲಿ ಓಡಾಡುವವರ ಸಹಜತೆ ಹಾಗೆಯೇ ಉಳಿಯಿತು. ಬೀದಿ ಗಾಯಕನ ಪಾತ್ರದಲ್ಲಿ ಹ್ಯಾನ್ಸರ್ಡ್, ಪಿಯಾನೋ ನುಡಿಸುವ ವಲಸಿಗ ಯುವತಿಯಾಗಿ ಚೆಕ್ ಕಲಾವಿದೆ ಮಾರ್ಕೆಟಾ ಇರ್ಗ್ಲೊವಾ ನಟಿಸಿದರು.

ಇಬ್ಬರೂ ಸೇರಿ ರಚಿಸಿದ 'ಫಾಲಿಂಗ್ ಸ್ಲೋಲಿ' ಗೀತೆ ಚಿತ್ರಕ್ಕೂ ಮೊದಲೇ ಧ್ವನಿಮುದ್ರಿಕೆಗಳಲ್ಲಿ ಬಂದಿದ್ದುದರಿಂದ ಅದು ಆಸ್ಕರ್ ಸ್ಪರ್ಧೆಗೆ ಅರ್ಹವೇ ಎಂಬ ಪ್ರಶ್ನೆ ಎದ್ದಿತು. ಗೀತೆ ಚಿತ್ರಕ್ಕಾಗಿಯೇ ರಚಿತವಾದದ್ದೆಂದು ಅಕಾಡೆಮಿ ಒಪ್ಪಿದ ಬಳಿಕ, 2008ರಲ್ಲಿ ಅತ್ಯುತ್ತಮ ಮೂಲಗೀತೆಯ ಪ್ರಶಸ್ತಿ ಅದಕ್ಕೇ ಸಂದಿತು. ಚಿತ್ರದ ರಂಗರೂಪ 2012ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ವೇದಿಕೆಯೇರಿ, ಅಮೆರಿಕದ ರಂಗಭೂಮಿಯ ಉನ್ನತ ಗೌರವವಾದ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಗೆದ್ದುಕೊಂಡಿತು.

ಅದೇ ವರ್ಷ 'ರಿದಮ್ ಅಂಡ್ ರಿಪೋಸ್' ಮೂಲಕ ಏಕವ್ಯಕ್ತಿ ಆಲ್ಬಮ್‌ಗಳನ್ನು ಆರಂಭಿಸಿದ ಹ್ಯಾನ್ಸರ್ಡ್, ಖ್ಯಾತಿ ಬಂದ ಮೇಲೂ ಬೀದಿಯ ನಂಟನ್ನು ಕಡಿದುಕೊಳ್ಳಲಿಲ್ಲ. ಕ್ರಿಸ್‌ಮಸ್ ಮುನ್ನಾದಿನ ಗ್ರಾಫ್ಟನ್ ಸ್ಟ್ರೀಟಿನಲ್ಲಿ ಇತರ ಗಾಯಕರೊಡನೆ ಹಾಡಿ ವಸತಿಹೀನರಿಗಾಗಿ ಹಣ ಸಂಗ್ರಹಿಸುವ ಪರಿಪಾಠವನ್ನು ಬೆಳೆಸಿದ ಅವರು, 2016ರ ಡಿಸೆಂಬರ್‌ನಲ್ಲಿ ಖಾಲಿ ಬಿದ್ದಿದ್ದ ಅಪೊಲೊ ಹೌಸ್ ಎಂಬ ಕಚೇರಿ ಕಟ್ಟಡವನ್ನು ಸೂರಿಲ್ಲದವರ ತಂಗುದಾಣವಾಗಿ ಮಾಡಿಕೊಂಡ ಹೋರಾಟದಲ್ಲಿಯೂ ಮುಂದೆ ನಿಂತರು. ಹೀಗೆ, ಗಾಯಕರಾಗಿ ತಮ್ಮನ್ನು ರೂಪಿಸಿದ ಬೀದಿಯ ಋಣವನ್ನು ಅವರು ಅಲ್ಲಿಯೇ ಬದುಕು ದೂಡುವವರ ಪರವಾಗಿ ತೀರಿಸಲು ಯತ್ನಿಸಿದರೆನ್ನಬಹುದು.